ಸಹಿ ಹಾಕದವನಿಗೂ ಒಂದು ಕಾಲಂ ಕೊಡಿ

ನಾಗರಿಕ ವಿಮಾನಯಾನ ಮಹಾನಿರ್ದೇಶಕರಿಗೆ,
ನವದೆಹಲಿ

ಮಾನ್ಯರೇ,

ಈ ಪತ್ರದ ಇಂಗ್ಲಿಷ್ ಪ್ರತಿಯನ್ನು ಸಫ್ದರ್‌ಜಂಗ್ ವಿಮಾನ ನಿಲ್ದಾಣದ ಎದುರಿನ ನಿಮ್ಮ ಕಚೇರಿಗೆ ಆಗಲೇ ಅಂಚೆಗೆ ಹಾಕಿದ್ದೇನೆ. ಕನ್ನಡದಲ್ಲಿ ಬರೆದರೆ ದೆಹಲಿಯಲ್ಲಿ ಯಾರು ಓದುತ್ತಾರೆ ಅಂತ ನನ್ನ ಹೆಂಡತಿ ಕೇಳಿದಳು. ದೆಹಲಿಯವರಿಗಾಗಿ ಅಲ್ಲ. ದೇವನಹಳ್ಳಿಯಿಂದ ಬೆಳಗಿನ ಆರರ ವಿಮಾನಕ್ಕೆ ನಡುರಾತ್ರಿಯೇ ಎದ್ದು ಹೊರಡುವವರು ಓದಲಿ, ಮಗನನ್ನೋ ಮಗಳನ್ನೋ ವಿಮಾನ ರಿಪೇರಿಯ ಎಎಂಇ ಕೋರ್ಸಿಗೆ ಸೇರಿಸಿ ಸಾಲದ ಕಂತು ಕಟ್ಟುತ್ತಿರುವ ಅಪ್ಪ ಅಮ್ಮಂದಿರು ಓದಲಿ ಅಂತ ಬರೆಯುತ್ತಿದ್ದೇನೆ.

ನಾನು ಏರ್‌ಕ್ರಾಫ್ಟ್ ಮೇಂಟೆನೆನ್ಸ್ ಇಂಜಿನಿಯರ್ (ಎಎಂಇ). ಬಿ1.1 ಲೈಸೆನ್ಸ್. ಟರ್ಬೈನ್ ಎಂಜಿನ್ ಇರುವ ವಿಮಾನಗಳ ಎಂಜಿನ್, ಚೌಕಟ್ಟು, ಚಕ್ರ, ಬ್ರೇಕು, ಹೈಡ್ರಾಲಿಕ್ ಎಲ್ಲ ನನ್ನ ಪಾಲಿಗೆ ಬರುತ್ತದೆ. 22 ವರ್ಷ ಕೆಲಸ ಮಾಡಿದೆ, ಅದರಲ್ಲಿ ಮುಕ್ಕಾಲು ಪಾಲು ರಾತ್ರಿ ಪಾಳಿ. ಹೋದ ವರ್ಷ ಬಿಟ್ಟೆ. ಕೆಲಸದಲ್ಲಿ ಇದ್ದಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಯಾಕೆಂದರೆ ಪತ್ರದ ವಿಷಯವೂ ಅದೇ: ವಿಮಾನಕ್ಕೆ ಸಹಿ ಹಾಕುವುದಿಲ್ಲ ಎಂದ ಇಂಜಿನಿಯರನ ಮಾತಿಗೆ ದಾಖಲೆಯಲ್ಲಿ ಜಾಗವಿಲ್ಲ.

ಓದುವವರಿಗೆ ನಮ್ಮ ಕೆಲಸ ಸ್ವಲ್ಪ ಗೊತ್ತಾಗಬೇಕು. ದಿನವಿಡೀ ಊರೂರು ಸುತ್ತಿದ ವಿಮಾನ ರಾತ್ರಿ ಹನ್ನೊಂದು ಹನ್ನೆರಡಕ್ಕೆ ಬಂದು ನಿಲ್ಲುತ್ತದೆ. ಟೆಕ್ ಲಾಗ್‌ನಲ್ಲಿ ಅಂದರೆ ವಿಮಾನದ ದಾಖಲೆ ಪುಸ್ತಕದಲ್ಲಿ, ಪೈಲಟ್ ಏನಾದರೂ ಸ್ನ್ಯಾಗ್ (ದೋಷ) ಬರೆದಿರುತ್ತಾರೆ. ಅವರು ಬರೆಯದ್ದು ನಮ್ಮ ಟಾರ್ಚಿಗೆ ಸಿಗುತ್ತದೆ. ಬೆಳಗಿನ ಮೊದಲ ಟ್ರಿಪ್ಪಿಗೆ ಅದು ಸಿದ್ಧವಾಗಬೇಕು. ಏನು ಮಾಡಿದೆವು, ಮ್ಯಾನುಯಲ್‌ನ ಯಾವ ಟಾಸ್ಕ್ ಪ್ರಕಾರ ಮಾಡಿದೆವು ಎಂದು ಬರೆದು, ಕೆಳಗೆ ಸಹಿ, ಸ್ಟ್ಯಾಂಪು, ಸಮಯ ಹಾಕುತ್ತೇವೆ. ಕಾಗದದ ಭಾಷೆಯಲ್ಲಿ ಇದು ಸಿಆರ್‌ಎಸ್, ಅಂದರೆ ಸರ್ಟಿಫಿಕೇಟ್ ಆಫ್ ರಿಲೀಸ್ ಟು ಸರ್ವಿಸ್, ನಮ್ಮ ಬಾಯಲ್ಲಿ ಬರೀ 'ರಿಲೀಸ್'. ಈ ಸಹಿ ಬೀಳುವ ತನಕ ವಿಮಾನ ಎಷ್ಟು ಕೋಟಿಯದಾದರೂ ನಿಂತ ಜಾಗದಲ್ಲೇ ನಿಂತಿರಬೇಕು.

ಸಹಿಯ ಹಿಂದೆ ಎರಡು ಕಾಗದ ಇರುತ್ತವೆ. ಲೈಸೆನ್ಸ್ ಕೊಡುವವರು ನೀವು. ಆದರೆ ಲೈಸೆನ್ಸ್ ಒಂದೇ ಇಟ್ಟುಕೊಂಡು ಯಾವ ವಿಮಾನಕ್ಕೂ ಸಹಿ ಹಾಕಲಾಗದು. ಕಂಪನಿ ತನ್ನ ಕಡೆಯಿಂದ ಆಥರೈಸೇಷನ್ ಕೊಡಬೇಕು, ಸ್ಟ್ಯಾಂಪು ಅವರದು. ಲೈಸೆನ್ಸ್ ಕಿತ್ತುಕೊಳ್ಳಲು ನೀವು ನೋಟಿಸು, ವಿಚಾರಣೆ ಅಂತ ಮಾಡಬೇಕಾಗುತ್ತದೆ. ಸ್ಟ್ಯಾಂಪು ಡ್ರಾಯರಿಗೆ ಹೋಗಲು ಅಷ್ಟೆಲ್ಲ ಬೇಡ, ರೋಸ್ಟರ್, ಅಂದರೆ ಪಾಳಿಯ ಪಟ್ಟಿ, ಬದಲಾದರೆ ಸಾಕು.

ಈಗ ಒಂದು ರಾತ್ರಿಯ ಮಾತು. ಯಾವ ಕಂಪನಿ, ಯಾವ ವರ್ಷ ಎಂಬುದು ಬೇಡ. ಜಗಳ ಅವರ ಮೇಲಲ್ಲ, ಯಾವ ಕಂಪನಿಯಲ್ಲಾದರೂ ಹೀಗೇ ಆಗಬಹುದಿತ್ತು.

ಡಿಸೆಂಬರ್ ತಿಂಗಳು. ನಂದಿಬೆಟ್ಟದ ಕಡೆಯಿಂದ ಮಂಜು ಇಳಿದು ವಿಮಾನ ನಿಲ್ಲುವ ಬೇಗಳ ದೀಪವೆಲ್ಲ ಹತ್ತಿಯುಂಡೆ ಹಾಗೆ ಕಾಣುತ್ತಿದ್ದವು. ಎರಡೂ ಮುಕ್ಕಾಲಿರಬೇಕು. ಎಡಗಡೆಯ ಲ್ಯಾಂಡಿಂಗ್ ಗೇರ್ ಹತ್ತಿರ ಟಾರ್ಚ್ ಬಿಟ್ಟೆ, ನೆಲದ ಮೇಲೆ ಅಂಗೈಯಗಲ ಒದ್ದೆ. ಬರಿಗೈಯಲ್ಲಿ ಮುಟ್ಟಿ ನೋಡುವ ವಸ್ತು ಅಲ್ಲ ಅದು. ಹೈಡ್ರಾಲಿಕ್ ಸಿಸ್ಟಮ್ಮಿನ ದ್ರವ ಸ್ಕೈಡ್ರಾಲ್ ಚರ್ಮಕ್ಕೆ ತಾಗಿದರೆ ಉರಿ, ಕಣ್ಣಿಗೆ ಹಾರಿದರಂತೂ ಕೇಳುವುದೇ ಬೇಡ. ಬಿಳಿ ಬಟ್ಟೆ ಒತ್ತಿದೆ. ನೇರಳೆ ಬಣ್ಣ ಹತ್ತಿತು. ಮಂಜಿನ ನೀರಲ್ಲ, ಹೈಡ್ರಾಲಿಕ್.

ಸೋರಿಕೆ ಕಂಡ ಕೂಡಲೇ ವಿಮಾನ ನಿಲ್ಲಿಸಬೇಕು ಅಂತೇನಿಲ್ಲ. ಯಾವ ಭಾಗದಿಂದ ನಿಮಿಷಕ್ಕೆ ಎಷ್ಟು ಹನಿ ಬಿದ್ದರೆ ಪರವಾಗಿಲ್ಲ, ಎಷ್ಟಾದರೆ ಬಿಚ್ಚಬೇಕು ಎಂದು ಮ್ಯಾನುಯಲ್‌ನಲ್ಲಿ ಕೊಟ್ಟಿರುತ್ತಾರೆ. ಸಿಸ್ಟಮ್‌ಗೆ ಪ್ರೆಶರ್ ಕೊಟ್ಟು, ಚೆನ್ನಾಗಿ ಒರೆಸಿ, ವಾಚು ಹಿಡಿದು ಎಣಿಸಬೇಕು. ಇಷ್ಟು ದೊಡ್ಡ ವಿಮಾನ, ಅಷ್ಟೊಂದು ಕಂಪ್ಯೂಟರು, ಕೊನೆಗೆ ಚಕ್ರದ ಪಕ್ಕ ಕುಕ್ಕುರುಗಾಲಲ್ಲಿ ಕೂತು ಒಂದು, ಎರಡು, ಮೂರು ಅಂತ ಹನಿ ಎಣಿಸುವ ಒಬ್ಬ ಮನುಷ್ಯ. ಐದು ನಿಮಿಷ ಎಣಿಸಿದೆ. ಮತ್ತೆ ಒರೆಸಿ ಇನ್ನೈದು ನಿಮಿಷ. ಎರಡು ಸಲವೂ ಮಿತಿ ದಾಟಿತ್ತು. ಬದಲಿಸಬೇಕಾದ ಆಕ್ಚುಯೇಟರ್ (ಹೈಡ್ರಾಲಿಕ್ ಒತ್ತಡದಿಂದ ಗೇರ್ ಅಲುಗಿಸುವ ಭಾಗ) ನಮ್ಮ ಸ್ಟೋರಿನಲ್ಲಿ ಇರಲಿಲ್ಲ, ಬೇರೆ ಊರಿನಿಂದ ಬರಬೇಕಿತ್ತು. ಅಂದರೆ ಬೆಳಗಿನ ಟ್ರಿಪ್ಪು ಹೋದ ಹಾಗೆ.

ಕಂಪನಿಯ ಕಂಟ್ರೋಲ್ ರೂಮಿಗೆ ಫೋನು ಮಾಡಿದೆ.

"ಇನ್ನೊಂದ್ಸಲ ಎಣ್ಸಿ ನೋಡಿ ಸಾರ್."

"ಎರಡು ಸಲ ಎಣ್ಸಾಯ್ತು."

"ಚಳಿಗೆ ಸೀಲ್ ಗಟ್ಟಿಯಾಗಿರತ್ತೆ. ಬಿಸಿ ಆದ್ಮೇಲೆ ಕಮ್ಮಿ ಆಗ್ಬಿಡತ್ತೆ."

"ಹಂಗಾದ್ರೆ ಬಿಸಿ ಆದ್ಮೇಲೆ ಕರೀರಿ. ಆಗ್ಲೂ ಎಣಿಸ್ತೀನಿ."

"ನೂರೆಂಬತ್ತು ಜನ ಇದಾರೆ ಸಾರ್."

ನೂರೆಂಬತ್ತು ಜನ ಇದ್ದಾರೆ ಅಂತಲೇ ಅಲ್ಲವೇ ನಾನು ಹನಿ ಎಣಿಸಿದ್ದು! ಹಾಗಂತ ಫೋನಿನಲ್ಲಿ ಹೇಳಲಿಲ್ಲ. ಹೊಳೆದದ್ದು ಮನೆಗೆ ಬಂದು ಸ್ನಾನ ಮಾಡುವಾಗ.

ಐದು ಗಂಟೆಗೆ ಬೇರೆ ಬೇಯಿಂದ ಇನ್ನೊಬ್ಬ ಇಂಜಿನಿಯರ್ ಬಂದ. ನನಗಿಂತ ಚಿಕ್ಕವನು, ನನ್ನನ್ನು ಅಣ್ಣ ಅನ್ನುತ್ತಿದ್ದ. ಒರೆಸಿದ, ಒಂದಷ್ಟು ಹೊತ್ತು ನೋಡಿದ, ಸಹಿ ಹಾಕಿದ. ವಿಮಾನ ಹದಿನೈದು ನಿಮಿಷ ತಡವಾಗಿ ಹೋಯಿತು. ಏನೂ ಆಗಲಿಲ್ಲ. ಸಾಯಂಕಾಲ ಸುಖವಾಗಿ ವಾಪಸ್ಸು ಬಂತು. ಅವನು ನೋಡಿದಾಗ ನಿಜಕ್ಕೂ ಹನಿ ಕಡಿಮೆಯಾಗಿದ್ದಿರಬಹುದು. ಸೀಲ್‌ಗಳು ಹಾಗೆ ಮಾಡುವುದುಂಟು. ಅವನು ಸುಳ್ಳು ಸಹಿ ಹಾಕಿದ ಅಂತ ನಾನು ಹೇಳುತ್ತಿಲ್ಲ.

ನಾನು ಹೇಳುತ್ತಿರುವುದು ಇಷ್ಟೇ: ಮರುದಿನ ಆ ವಿಮಾನದ ದಾಖಲೆ ತೆಗೆದು ನೋಡಿದವರಿಗೆ ನಾನು ಅದರ ಹತ್ತಿರ ಹೋಗೇ ಇಲ್ಲ. ನನ್ನ ಹತ್ತು ನಿಮಿಷದ ಎಣಿಕೆ ಎಲ್ಲೂ ಇಲ್ಲ. ಸಹಿ ಹಾಕಿದವನಿಗೆ ಕಾಲಂ ಇದೆ, ಹಾಕುವುದಿಲ್ಲ ಎಂದವನಿಗೆ ಇಲ್ಲ.

ನಮ್ಮ ಕಸುಬಿನವರು ಇಲ್ಲಿ ನನ್ನನ್ನು ಹಿಡಿದು ನಿಲ್ಲಿಸುತ್ತಾರೆ. ನೀನೇ ಯಾಕಪ್ಪ ಲಾಗ್‌ನಲ್ಲಿ ಸ್ನ್ಯಾಗ್ ಬರೆಯಲಿಲ್ಲ? ಬರೆದಿದ್ದರೆ ಮುಗಿದುಹೋಗುತ್ತಿತ್ತಲ್ಲ? ಕೇಳಬೇಕಾದ ಪ್ರಶ್ನೆಯೇ. ನಾನು ಪೆನ್ನು ತೆಗೆದಿದ್ದೆ. "ಎಂಟ್ರಿ ಮಾಡ್ಬೇಡಿ ಸಾರ್, ಮೊದ್ಲು ಕನ್ಫರ್ಮ್ ಮಾಡೋಣ" ಎಂದರು ಕಂಟ್ರೋಲ್ ರೂಮಿನವರು. ಪೆನ್ನು ಜೇಬಿಗೆ ಹಾಕಿದೆ. ಅದು ನನ್ನ ತಪ್ಪು, ಬೇರೆಯವರ ತಲೆಗೆ ಕಟ್ಟುವುದಿಲ್ಲ. ಆದರೆ ಆ ತಪ್ಪು ಹೇಗೆ ಆಗುತ್ತದೆ ನೋಡಿ. ಲಾಗ್‌ನಲ್ಲಿ ಒಂದು ಸಾಲು ಬಿದ್ದರೆ ವಿಮಾನ ನಿಂತಿತು ಎಂದೇ ಅರ್ಥ. ಅದನ್ನು ಸರಿಪಡಿಸಬೇಕು, ಇಲ್ಲವೇ ಯಾವ ಭಾಗ ಕೆಟ್ಟಿದ್ದರೂ ಹಾರಬಹುದು ಎಂದು ಹೇಳುವ ಎಂಇಎಲ್ ಪಟ್ಟಿಯಲ್ಲಿ ಅವಕಾಶವಿದ್ದರೆ ಮೂರು ದಿನಕ್ಕೋ ಹತ್ತು ದಿನಕ್ಕೋ ಮುಂದೂಡಬೇಕು. ಹಾಗಾಗಿ ಎಲ್ಲರ ಬಲವೂ ಆ ಸಾಲು ಹುಟ್ಟದ ಹಾಗೆ ನೋಡಿಕೊಳ್ಳುವುದಕ್ಕೇ ಹೋಗುತ್ತದೆ. ಪೆನ್ನು ಕಾಗದಕ್ಕೆ ತಾಗುವ ಮುಂಚಿನ ಆ ಅರ್ಧ ಗಂಟೆಯಲ್ಲಿ ನಡೆಯುವ ಮಾತಿಗೆ ನಿಮ್ಮ ಯಾವ ಫಾರಂನಲ್ಲೂ ಜಾಗವಿಲ್ಲ.

ಇದು ಬರೀ ನನ್ನ ಮನಸ್ಸಿನ ಕಹಿ ಆಗಿದ್ದರೆ ಇಲ್ಲಿಗೇ ಬಿಡುತ್ತಿದ್ದೆ. ವಿಮಾನ ರಿಪೇರಿ ಮಾಡುವ ಸಂಸ್ಥೆಗಳಿಗೆ ಇರುವ ನಿಮ್ಮದೇ ನಿಯಮ ಸಿಎಆರ್-145ರ 145.ಎ.50 ಒಮ್ಮೆ ತೆಗೆದು ನೋಡಿ. ಕೆಲಸ ಸರಿಯಾಗಿ ಮುಗಿದಿದೆ ಎಂದು ಖಾತ್ರಿಯಾಗಿರಬೇಕು, ಹಾರಾಟದ ಸುರಕ್ಷತೆಗೆ ಕುತ್ತು ತರುವಂಥ 'ಗೊತ್ತಿರುವ' ಕೊರತೆ ಯಾವುದೂ ಉಳಿದಿರಬಾರದು, ಆಮೇಲೆ ಸಹಿ. ಆ 'ಗೊತ್ತಿರುವ' ಎಂಬ ಪದದ ಮೇಲೆ ಇಡೀ ಸಹಿ ನಿಂತಿದೆ. ಯಾರಿಗೆ ಗೊತ್ತಿರಬೇಕು? ನನಗೆ ಗೊತ್ತಿತ್ತು. ಫೋನಿನ ಆ ಕಡೆಯವರಿಗೆ ಗೊತ್ತಿತ್ತು. ಕಾಗದಕ್ಕೆ ಗೊತ್ತಿರಲಿಲ್ಲ. ನಾಳೆ ಏನಾದರೂ ಆಗಿ ವಿಚಾರಣೆ ನಡೆದರೆ ಕಾಗದಕ್ಕೆ ಗೊತ್ತಿದ್ದದ್ದಷ್ಟೇ ಎಲ್ಲರಿಗೂ ಗೊತ್ತಿದ್ದದ್ದು ಅಂತಾಗುತ್ತದೆ.

ಬೇರೆ ಕಡೆ ಆದದ್ದನ್ನು ಹೇಳಿದರೆ ನನ್ನ ಮಾತು ಇನ್ನೂ ಸ್ಪಷ್ಟವಾಗಬಹುದು. 1990ರ ಜೂನ್ 10. ಬ್ರಿಟಿಷ್ ಏರ್‌ವೇಸ್‌ನ ಬಿಎಸಿ ಒನ್-ಇಲೆವನ್ ವಿಮಾನ ಬರ್ಮಿಂಗ್‌ಹ್ಯಾಮ್‌ನಿಂದ ಹೊರಟು 17,300 ಅಡಿ ಏರಿದಾಗ ಕ್ಯಾಪ್ಟನ್ ಮುಂದಿನ ಗಾಜು ಕಿತ್ತು ಹಾರಿತು. ಕ್ಯಾಪ್ಟನ್‌ನ ಅರ್ಧ ದೇಹ ಕಿಟಕಿಯಿಂದ ಹೊರಗೆ. ಒಳಗಿದ್ದವರು ಅವರ ಕಾಲು ಹಿಡಿದುಕೊಂಡೇ ಇದ್ದರು. ಕೋ-ಪೈಲಟ್ ಸೌತಾಂಪ್ಟನ್‌ನಲ್ಲಿ ಇಳಿಸಿದರು. ಕ್ಯಾಪ್ಟನ್ ಬದುಕಿದರು. ಆ ಗಾಜನ್ನು ಹೊಸದಾಗಿ ಕೂರಿಸಿ ಇನ್ನೂ 27 ಗಂಟೆಯಾಗಿತ್ತಷ್ಟೆ. ಕೂರಿಸಿದ್ದು ರಾತ್ರಿ ಪಾಳಿಯ ಮ್ಯಾನೇಜರ್. ಜನ ಕಡಿಮೆ ಇದ್ದರೆಂದು ತಾವೇ ಮಾಡಿದರು, ತಾವೇ ಸಹಿ ಹಾಕಿದರು. 90 ಬೋಲ್ಟ್‌ಗಳಲ್ಲಿ 84ರ ದಪ್ಪ ಕಡಿಮೆ ಇತ್ತು, ಒಂದು ಇಂಚಿನ ಸಾವಿರದಲ್ಲಿ 26 ಭಾಗದಷ್ಟು. ಹಳೆಯ ಬೋಲ್ಟ್ ಕೈಯಲ್ಲಿ ಹಿಡಿದು ಅದಕ್ಕೆ ಹೋಲಿಸಿ ಕಣ್ಣಂದಾಜಿನಲ್ಲಿ ಆರಿಸಿದ್ದರು.

ಈ ಕಥೆಯನ್ನು ಪ್ರತಿ ಎಎಂಇ ಕ್ಲಾಸಿನಲ್ಲೂ ಹೇಳುತ್ತಾರೆ. ಆದರೆ ಸಾಮಾನ್ಯವಾಗಿ ಬಿಟ್ಟುಬಿಡುವ ಒಂದು ಭಾಗವಿದೆ. ಸ್ಟೋರಿನಲ್ಲಿದ್ದ ಸೂಪರ್‌ವೈಸರ್, ಬಹಳ ವರ್ಷದ ಅನುಭವಸ್ಥ, ಆ ಗಾಜಿಗೆ ಬರುವುದು ಇನ್ನೊಂದು ನಂಬರಿನ ಬೋಲ್ಟ್ ಅಂತ ಹೇಳಿದ್ದರು. ಹೇಳಿ ಸುಮ್ಮನಾದರು, ಹಟ ಹಿಡಿಯಲಿಲ್ಲ. ಸರಿಯಾದ ಉತ್ತರ ಆ ರಾತ್ರಿಯೇ, ಅದೇ ಕಟ್ಟಡದಲ್ಲಿ, ಒಬ್ಬರ ಬಾಯಿಂದ ಬಂದಿತ್ತು. ಗಾಳಿಗೆ ಹೋಯಿತು. ತನಿಖೆಯವರು ಕೂತು ಕೇಳಿದ್ದಕ್ಕೆ ಈಗ ನಮಗೆ ಗೊತ್ತು.

ಆಮೇಲೆ ಎಲ್ಲೆಡೆ ಬಲವಾದದ್ದು ಇಂಡಿಪೆಂಡೆಂಟ್ ಇನ್‌ಸ್ಪೆಕ್ಷನ್. ಮುಖ್ಯವಾದ ಕೆಲಸವನ್ನು ಮಾಡಿದವನಲ್ಲದೆ ಇನ್ನೊಬ್ಬ ನೋಡಬೇಕು. ಅಕ್ಷರ ಬಾರದ ನಮ್ಮಜ್ಜಿಗೆ ಈ ನಿಯಮ ಮೊದಲೇ ಗೊತ್ತಿತ್ತು. ಸೊಸೈಟಿ ಸಾಲದ ಕಾಗದಕ್ಕೆ ಹೆಬ್ಬೆಟ್ಟು ಒತ್ತುವ ಮುಂಚೆ ಇಬ್ಬರ ಕೈಯಲ್ಲಿ, ಬೇರೆ ಬೇರೆ ಹೊತ್ತಿನಲ್ಲಿ, ಒಬ್ಬರು ಓದಿದ್ದು ಇನ್ನೊಬ್ಬರಿಗೆ ಗೊತ್ತಾಗದ ಹಾಗೆ ಓದಿಸುತ್ತಿದ್ದಳು. ಇಬ್ಬರ ಓದೂ ತಾಳೆಯಾಗದಿದ್ದರೆ ಕಾಗದ ವಾಪಸ್ಸು. ನಮ್ಮ ನಿಯಮ ಇಬ್ಬರೂ ಹೌದು ಅಂದಾಗ ಏನು ಮಾಡಬೇಕೆಂದು ಹೇಳುತ್ತದೆ. ಒಬ್ಬ ಇಲ್ಲ ಅಂದು, ಅವನನ್ನು ಪಕ್ಕಕ್ಕೆ ಸರಿಸಿ ಹೌದು ಅನ್ನುವವನನ್ನು ಕರೆತಂದಾಗ ಏನು ಎಂಬುದರ ಬಗ್ಗೆ ಮೌನ.

ಇನ್ನೊಂದು ಉದಾಹರಣೆ ವಿಮಾನದ್ದಲ್ಲ, ಆದರೆ ನನ್ನ ಮಾತಿಗೆ ಇದಕ್ಕಿಂತ ಹತ್ತಿರದ್ದು ಸಿಗಲಾರದು. 1986ರ ಜನವರಿ 27ರ ರಾತ್ರಿ ಫ್ಲಾರಿಡಾದಲ್ಲಿ ವಿಪರೀತ ಚಳಿ. ನಾಸಾದ ಚಾಲೆಂಜರ್ ಬಾಹ್ಯಾಕಾಶ ನೌಕೆಯ ಬೂಸ್ಟರ್ ರಾಕೆಟ್ ಮಾಡಿದ ಮಾರ್ಟನ್ ಥಯೋಕಾಲ್ ಕಂಪನಿಯ ಇಂಜಿನಿಯರುಗಳು ಈ ಚಳಿಗೆ ರಬ್ಬರಿನ ಓ-ರಿಂಗ್ ಸರಿಯಾಗಿ ಕೂರುವುದಿಲ್ಲ, ಬೇಡ ಎಂದರು. ಉಡಾವಣೆಗೆ ಒಪ್ಪಿಗೆ ಎಂಬ ಕಾಗದಕ್ಕೆ ಕಂಪನಿಯ ಸಹಿ ಬೇಕಿತ್ತು. ಅಲ್ಲಿದ್ದ ಕಂಪನಿಯ ಹಿರಿಯ ಪ್ರತಿನಿಧಿ ಅಲನ್ ಮೆಕ್‌ಡೊನಾಲ್ಡ್ ಸಹಿ ಹಾಕಲು ಒಪ್ಪಲಿಲ್ಲ. ಯೂಟಾದಲ್ಲಿದ್ದ ಅವರ ಮೇಲಿನವರು ಸಹಿ ಹಾಕಿ ಫ್ಯಾಕ್ಸ್ ಮಾಡಿದರು. ಮರುದಿನ ಉಡಾವಣೆಯಾಗಿ 73 ಸೆಕೆಂಡಿಗೆ ನೌಕೆ ಒಡೆದು ಏಳು ಜನ ಹೋದರು. ಆ ಕಾಗದದಲ್ಲಿ ಸಹಿ ಹಾಕಿದವರ ಹೆಸರಿತ್ತೇ ಹೊರತು, ಹಾಕದವರದ್ದಿರಲಿಲ್ಲ. ವಿಚಾರಣಾ ಆಯೋಗದ ಸಭೆಯಲ್ಲಿ ಮೆಕ್‌ಡೊನಾಲ್ಡ್ ತಾವಾಗಿ ಎದ್ದು ನಿಂತು ಬಾಯಿ ಬಿಟ್ಟಾಗಲೇ ಆ ರಾತ್ರಿಯ ವಿರೋಧ ಹೊರಬಿದ್ದದ್ದು. ಅದಕ್ಕೆ ಕಂಪನಿ ಅವರನ್ನು ಕೆಳಗಿಳಿಸಿತು. ಅಮೆರಿಕದ ಸಂಸತ್ತು ಗದರಿದ ಮೇಲೆ ವಾಪಸ್ಸು ತಂದು, ಬೂಸ್ಟರನ್ನು ಹೊಸದಾಗಿ ರೂಪಿಸುವ ಕೆಲಸ ಅವರಿಗೇ ಕೊಟ್ಟಿತು. ನನ್ನ ಹನಿ ಸೋರಿಕೆಯನ್ನು ಇದರ ಪಕ್ಕ ಇಡುವಷ್ಟು ಮೂರ್ಖ ನಾನಲ್ಲ. ಆದರೆ ಎರಡು ಕಡೆಯೂ ಇದ್ದದ್ದು ಚಳಿ, ರಬ್ಬರ್ ಸೀಲ್, ಬೆಳಗಿನ ವೇಳಾಪಟ್ಟಿ, ಮತ್ತೆ ಇನ್ನೊಬ್ಬರಿಂದ ತರಿಸಿದ ಸಹಿ.

ನಮ್ಮ ಹ್ಯಾಂಗರಿನ ಗೋಡೆಯ ಮೇಲೂ ಒಂದು ಪೋಸ್ಟರ್ ಇತ್ತು, 'ಡರ್ಟಿ ಡಜನ್'. ಕೆನಡಾದ ಗಾರ್ಡನ್ ಡುಪಾಂಟ್ 1993ರಲ್ಲಿ ಮಾಡಿದ ಪಟ್ಟಿ. ಮೇಂಟೆನೆನ್ಸ್‌ನಲ್ಲಿ ಮನುಷ್ಯ ಎಡವುವ ಹನ್ನೆರಡು ಕಾರಣ. ಒತ್ತಡ ಅದರಲ್ಲಿದೆ, ಆಯಾಸ ಇದೆ, ಗಟ್ಟಿಯಾಗಿ ಮಾತಾಡದೆ ಇರುವುದೂ ಇದೆ. ಲೈಸೆನ್ಸ್ ಪರೀಕ್ಷೆಯಲ್ಲಿ ಮನುಷ್ಯನ ತಪ್ಪುಗಳ ಬಗ್ಗೆ ಇರುವ ಮಾಡ್ಯೂಲ್ 9ಕ್ಕೆ ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಗಟ್ಟಿಯಾಗಿ ಮಾತಾಡು ಅಂತ ಗೋಡೆ ಹೇಳುತ್ತದೆ, ಸರಿ. ಮಾತಾಡಿದ್ದನ್ನು ಎಲ್ಲಿ ಬರೆಯಲಿ?

ವರದಿ ಮಾಡಲು ದಾರಿ ಇಲ್ಲವೇ ಎಂದು ನಿಮ್ಮ ಅಧಿಕಾರಿಗಳು ಕೇಳಬಹುದು. ಇದೆ. ಕಂಪನಿಯೊಳಗೆ ವರದಿ ವ್ಯವಸ್ಥೆ ಇರಲೇಬೇಕೆಂದು ಸಿಎಆರ್-145 ಹೇಳುತ್ತದೆ. ನಿಮ್ಮಲ್ಲಿಗೆ ಸ್ವಯಂಪ್ರೇರಿತವಾಗಿ ಬರೆಯಲೂ ಬಹುದು. ಆದರೆ ಅವೆಲ್ಲ ವಿಮಾನ ಹೋದ ಮೇಲಿನ ಮಾತು. ಜೊತೆಗೆ ಅದು ದೂರು. ದೂರು ಕೊಟ್ಟವನು ಎಂಬ ಹೆಸರು ಹೊತ್ತು ಅದೇ ಕ್ಯಾಂಟೀನಿನಲ್ಲಿ ಊಟ ಮಾಡಬೇಕು. ನಾನು ಕೇಳುತ್ತಿರುವುದು ದೂರಿನ ಪೆಟ್ಟಿಗೆ ಅಲ್ಲ, ಕೆಲಸದ ದಾಖಲೆಯಲ್ಲೇ ಒಂದು ಜಾಗ.

ಹೀಗೆ ಮಾಡಬಹುದು. ಆಥರೈಸೇಷನ್ ಇರುವ ಇಂಜಿನಿಯರ್ ಒಬ್ಬ ಒಂದು ಕೆಲಸವನ್ನು ನೋಡಿ ರಿಲೀಸ್ ಮಾಡುವುದಿಲ್ಲ ಎಂದರೆ ಅವನು ಮೂರು ಸಾಲು ಬರೆಯಲಿ: ಏನು ನೋಡಿದೆ, ಎಷ್ಟು ಅಳೆದೆ, ಮ್ಯಾನುಯಲ್‌ನ ಯಾವ ಟಾಸ್ಕ್. ಹೊತ್ತು ಹಾಕಿ ಸಹಿ. ಇದು ಸ್ನ್ಯಾಗ್ ಅಲ್ಲ, ಆದ್ದರಿಂದ ಇದರಿಂದಲೇ ವಿಮಾನ ನಿಲ್ಲಬೇಕಾಗಿಲ್ಲ. ಬರೆಯಬೇಡಿ ಅಂತ ಫೋನು ಮಾಡುವವರಿಗೆ ಕಾರಣವೂ ಅಷ್ಟು ಕಡಿಮೆಯಾಗುತ್ತದೆ. ಆಮೇಲೆ ಬರುವ ಇಂಜಿನಿಯರ್ ಸಹಿ ಹಾಕುವುದಾದರೆ ಹಾಕಲಿ. ಆದರೆ ಆ ಮೂರು ಸಾಲು ಓದಿದ್ದೇನೆ, ನಾನು ಅಳೆದಾಗ ಇಷ್ಟು ಬಂತು ಎಂದು ಅದರ ಕೆಳಗೇ ಬರೆದು ಹಾಕಲಿ. ಆ ಹಾಳೆ ಟೆಕ್ ಲಾಗ್ ಜೊತೆಗೇ ಇರಲಿ. ವಿಮಾನವನ್ನು ಒಪ್ಪಿಕೊಂಡು ಸಹಿ ಹಾಕುವ ಕ್ಯಾಪ್ಟನ್ ಕೂಡ ಅದನ್ನು ನೋಡಲಿ. ಅವರೂ ಆ ವಿಮಾನದಲ್ಲೇ ಹೋಗುವವರಲ್ಲವೇ. ಒಂದು ಪ್ರತಿ ಬೆಂಗಳೂರಿನ ನಿಮ್ಮ ಪ್ರಾದೇಶಿಕ ಕಚೇರಿಗೆ ಬರಲಿ. ಮೂರು ಸಾಲು ಬರೆದವನ ರೋಸ್ಟರನ್ನೋ ಆಥರೈಸೇಷನ್ನನ್ನೋ ಮುಂದಿನ ಆರು ತಿಂಗಳಲ್ಲಿ ಬದಲಿಸಿದರೆ ಕಾರಣವನ್ನು ಕಂಪನಿ ನಿಮಗೆ ಬರೆದು ತಿಳಿಸಲಿ.

ಇದನ್ನು ದುರುಪಯೋಗ ಮಾಡುವವರು ಇರುತ್ತಾರೆ. ನನಗೆ ಗೊತ್ತು, ಅಂಥವರ ಜೊತೆ ಪಾಳಿ ಮಾಡಿದ್ದೇನೆ. ಸಹಿ ಅಂದರೆ ಹಾವು ಕಂಡವರ ಹಾಗೆ ಹಿಂದೆ ಸರಿಯುವ ಇಂಜಿನಿಯರುಗಳಿದ್ದಾರೆ. ಏನಾದರೊಂದು ಕೊಂಕು ತೆಗೆದು ಪಾಳಿ ಮುಗಿಯುವ ತನಕ ದೂಡಿ, ಕೆಲಸವನ್ನು ಮುಂದಿನವರ ಕೊರಳಿಗೆ ಕಟ್ಟಿ ಮನೆಗೆ ಹೋಗುತ್ತಾರೆ. ಅವರಿಗೂ ಈ ಕಾಲಂ ಒಳ್ಳೆಯ ಮದ್ದು. ಈಗ ಅವರು ಗೊಣಗಿ ಹೋಗುತ್ತಾರೆ, ಆಗ ಅಳತೆ ಬರೆಯಬೇಕಾಗುತ್ತದೆ. ಹತ್ತು ಸಲ ಬರೆದು ಹತ್ತು ಸಲವೂ ಎರಡನೆಯವನ ಅಳತೆ ಬೇರೆ ಬಂದರೆ ಯಾರ ಕೈ ಅಳುಕುತ್ತಿದೆ ಎಂಬುದೂ ನಿಮಗೆ ಕಾಣುತ್ತದೆ. ನನ್ನ ಹನಿ ಎಣಿಕೆಯೇ ತಪ್ಪಾಗಿದ್ದರೆ ಅದೂ ಕಂಡಿರುತ್ತಿತ್ತು. ಕಾಣಲಿ.

ಪಾಳಿಯ ಹೊತ್ತಿನ ಬಗ್ಗೆ ಒಂದೇ ಮಾತು. ರಾತ್ರಿ ಎರಡರಿಂದ ಆರರ ತನಕ ಮನುಷ್ಯನ ದೇಹ ಅತಿ ಮಂಕಾಗಿರುವ ಹೊತ್ತು ಎಂದು ಪೈಲಟ್‌ಗಳ ನಿಯಮ ಒಪ್ಪಿಕೊಂಡಿದೆ. 2024ರ ಜನವರಿಯಲ್ಲಿ ನೀವೇ ಹೊರಡಿಸಿದ ನಿಯಮದಲ್ಲಿ ಅವರ ವಾರದ ವಿಶ್ರಾಂತಿ 36ರಿಂದ 48 ಗಂಟೆಗೆ ಏರಿತು. ಒಳ್ಳೆಯದಾಯಿತು. ವಿಮಾನದ ಎಷ್ಟೋ ಸಹಿಗಳು ಬೀಳುವುದು ಅದೇ ಎರಡರಿಂದ ಆರರ ನಡುವೆ ಎಂಬುದನ್ನು ನೆನಪಿಸಿ ಇದನ್ನು ಇಲ್ಲಿಗೆ ಬಿಡುತ್ತೇನೆ. ಅದಕ್ಕೆ ಬೇರೆಯೇ ಪತ್ರ ಬೇಕು.

2025ರ ಜೂನ್‌ನಲ್ಲಿ ಅಹಮದಾಬಾದ್‌ನ ದುರಂತವಾದಾಗಿನಿಂದ ಮದುವೆಗೆ ಹೋಗಲಿ, ಗೃಹಪ್ರವೇಶಕ್ಕೆ ಹೋಗಲಿ, ಯಾರಾದರೊಬ್ಬರು ಪಕ್ಕಕ್ಕೆ ಕರೆದು ಕೇಳುತ್ತಾರೆ: "ನಿಜ ಹೇಳಿ, ವಿಮಾನ ಸೇಫಾ?" ಆ ಅಪಘಾತದ ಬಗ್ಗೆ ನಾನು ಏನೂ ಹೇಳುವುದಿಲ್ಲ, ಅದು ತನಿಖೆಯವರ ಕೆಲಸ. ಸೇಫು ಅಂತಲೇ ಹೇಳುತ್ತೇನೆ, ನನ್ನ ಮಕ್ಕಳನ್ನೂ ಕೂರಿಸಿ ಕಳಿಸುತ್ತೇನೆ. ನನ್ನ ಜೊತೆಯ ಹೆಚ್ಚಿನವರು ಮಳೆಯಲ್ಲಿ ನೆನೆಯುತ್ತಾ ಲಾಕ್‌ವೈರ್ ಸರಿಯಾದ ದಿಕ್ಕಿಗೆ ತಿರುಚಿದೆಯೇ ಎಂದು ಕನ್ನಡಿ ಹಿಡಿದು ನೋಡಿ ಆಮೇಲೆ ಮನೆಗೆ ಹೋಗುವವರು. ಕೇಳಿದವರಿಗೆ ಸಮಾಧಾನವಾಗುತ್ತದೆ. ನಾನು ಮಾತ್ರ ಊಟದೆಲೆಯ ಮುಂದೆ ಕೂತು ಆ ಡಿಸೆಂಬರಿನ ಹನಿ ಎಣಿಸುತ್ತಿರುತ್ತೇನೆ.

ಆ ರಾತ್ರಿ ನಾನು ಬರೆಯದೆ ಹೋದದ್ದನ್ನು ಇಲ್ಲಿ ಬರೆಯುತ್ತೇನೆ. ನೀವು ಕಾಲಂ ಮಾಡುವುದಾದರೆ ಇದಕ್ಕಿಂತ ದೊಡ್ಡ ಜಾಗ ಬೇಕಾಗುವುದಿಲ್ಲ.

ಎಡ ಮುಖ್ಯ ಗೇರ್, ಆಕ್ಚುಯೇಟರ್‌ನಿಂದ ಹೈಡ್ರಾಲಿಕ್ ಸೋರಿಕೆ. ಪ್ರೆಶರ್ ಕೊಟ್ಟು, ಒರೆಸಿ, ಐದೈದು ನಿಮಿಷ ಎರಡು ಸಲ ಎಣಿಸಿದೆ. ಎರಡು ಸಲವೂ ಮಿತಿಗಿಂತ ಹೆಚ್ಚು. ರಿಲೀಸ್ ಮಾಡುತ್ತಿಲ್ಲ. ಸಮಯ 03.10.

ಇಂತಿ,
ನಿಮ್ಮ ಲೈಸೆನ್ಸ್ ಹೊಂದಿರುವ ಒಬ್ಬ ಎಎಂಇ
ಬೆಂಗಳೂರು